ಕಾಲು ತಾಗಿದಾಗ

21 ಜನವರಿ 2003, ಮಂಗಳವಾರ

ಎಡಗೆನ್ನೆ ಊದಿದೆ. ಹೊಡೆದವಳು ಮಗಳು. ತಪ್ಪು ನನ್ನದು.

ಕುಂಗ್‌ಫೂ ಕ್ಲಾಸಿನ ಅದೇ ಡ್ರಿಲ್. ಸ್ವಸ್ತಿಕಾ ಗುದ್ದುತ್ತಾಳೆ. ಗುದ್ದು ಪೂರ್ತಿಯಾಗುವ ಮೊದಲೇ ಅದರ ದಾರಿಯಲ್ಲಿ ನನ್ನ ಮುಂಗೈ ಇರಬೇಕು. ಅದೇ ಗಳಿಗೆಯಲ್ಲಿ ಇನ್ನೊಂದು ಕೈ ಹೊಡೆಯಬೇಕು. ಮೊದಲು ತಡೆದು ಆಮೇಲೆ ಹೊಡೆಯುವುದಲ್ಲ; ಎರಡೂ ಒಂದೇ. ಕೊನೆಗೆ ಪಾದ ಎತ್ತಿ ಎದುರಿನವರ ಮೊಣಕಾಲ ಕೆಳಗೆ ಒತ್ತಿ ಅವರ ಹೆಜ್ಜೆ ನಿಲ್ಲಿಸಬೇಕು. ಮೊದಲಿನದೆಲ್ಲ ಹೇಗೋ ಆಗುತ್ತದೆ. ಪಾದ ಅವಳಿಗೆ ತಾಗಿದ್ದೇ ತಡ — ನನ್ನ ಬಲಗೈ ಕೆಳಗಿಳಿದು, ಅವಳ ತೋಳು ಮುಟ್ಟಿ, ನನ್ನ ಕಣ್ಣಿಗೆ ಬರುತ್ತದೆ. ನನ್ನನ್ನು ಕೇಳದೆ. ಇವತ್ತು ಕೈ ಕಣ್ಣಿಗೆ ಬರುವಷ್ಟರಲ್ಲಿ ಅವಳ ಮುಷ್ಟಿ ಅಲ್ಲಿಗೆ ಬಂದಿತ್ತು.

"ಮಿಸ್ಟರ್ ರತ್ನಾಕರ, ಅದು ಯಾವ ಟೆಕ್ನಿಕ್? ನಾನು ಕಲಿಸಿದ್ದಲ್ಲ" ಎಂದರು ಮಿಸೆಸ್ ಲಾವ್.

ಮಲೇಷಿಯಾದಲ್ಲಿ ಹುಟ್ಟಿದವರು. ಇಲ್ಲಿಯ ಶಾಲೆಯೊಂದರಲ್ಲಿ ಡೆಪ್ಯುಟಿ ಹೆಡ್ ಆಗಿ ನಿವೃತ್ತಿ. ಕ್ಲಾಸಿನಲ್ಲಿ ಎಲ್ಲರೂ ಅವರನ್ನು ಸಿಫು ಎನ್ನುತ್ತಾರೆ, ಗುರು ಎಂದು. ನನಗೆ ಆ ಶಬ್ದ ಬಾಯಿಗೆ ಬರುವುದಿಲ್ಲ. ದೀಪ ಹಚ್ಚುವುದು ಬಿಟ್ಟು ಎಷ್ಟೋ ಕಾಲವಾಯಿತು. ಅಮ್ಮ ತೀರಿಕೊಂಡಾಗಲೂ ತಲೆ ಬೋಳಿಸಲು ಒಪ್ಪಲಿಲ್ಲ. ಉಳಿದ ಧರ್ಮವೆಲ್ಲ ಈ ಬಲಗೈಯಲ್ಲಿ ಅಡಗಿ ಕೂತಿದೆ ಎಂದು ಯಾರಿಗೆ ಗೊತ್ತಿತ್ತು.

ಕಾರಿನಲ್ಲಿ ಸ್ವಸ್ತಿಕಾ: "ಸಾರಿ, ಪಪ್ಪ. ಆದರೆ ನೀವೇ ಮುಖ ತಂದುಕೊಟ್ಟಿರಿ."

(ಅವಳ ಮಾತೆಲ್ಲ ಇಂಗ್ಲಿಷು. ಬರೆಯುವಾಗ ಕನ್ನಡವಾಗುತ್ತದೆ. 'ಪಪ್ಪ', 'ಅಮ್ಮ' ಎರಡು ಮಾತ್ರ ಮೂಲದವು.)

23 ಜನವರಿ, ಗುರುವಾರ

ಕ್ಲಾಸ್ ನಡೆಯುವ ಹಾಲ್‌ನ ಹೀಟರ್ ಇನ್ನೂ ಕೆಟ್ಟೇ ಇದೆ. ಸೆಲ್ಲಿ ಓಕ್‌ನ ಸ್ಟೂಡೆಂಟ್‌ಗಳೆಲ್ಲ ಸ್ವೆಟರ್ ಮೇಲೆ ಸ್ವೆಟರ್ ಹಾಕಿ ಗುದ್ದಾಡಿದರು. ಗುದ್ದಿದ್ದು ಯಾರಿಗೂ ತಾಗಲಿಲ್ಲ.

ಮಿಸೆಸ್ ಲಾವ್‌ಗೆ ವಿವರಿಸಿದೆ. ನಮ್ಮಲ್ಲಿ ಯಾರಿಗಾದರೂ ಕಾಲು ತಾಗಿದರೆ ಅವರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಮನುಷ್ಯರಿಗೆ, ಪುಸ್ತಕಕ್ಕೆ, ಅಕ್ಕಿಗೆ. ಕ್ಷಮೆ ಕೇಳಿದ ಹಾಗೆ.

"ಗೊತ್ತು. ನಮ್ಮ ಪಕ್ಕದ ಮನೆಯ ತಮಿಳರೂ ಹಾಗೇ ಮಾಡುತ್ತಿದ್ದರು."

"ಹಾಗಾದರೆ ನಿಮಗೆ ಅರ್ಥವಾಗುತ್ತದೆ."

"ಆಗುತ್ತದೆ. ಅವರು ಯಾರೂ ಮಂಗಳವಾರ ಮಂಗಳವಾರ ನನ್ನ ಹತ್ತಿರ ಗುದ್ದಾಡಲು ಬರುತ್ತಿರಲಿಲ್ಲ."

ಗ್ರೇಡಿಂಗ್, ಅಂದರೆ ಪಟ್ಟಿಯ ಪರೀಕ್ಷೆ, ಏಪ್ರಿಲ್ 12ಕ್ಕೆ. ಕಪ್ಪು ಪಟ್ಟಿ. ಸ್ವಸ್ತಿಕಾ ಸಣ್ಣವಳಿದ್ದಾಗಿನಿಂದ ಈ ಹಾಲ್‌ಗೆ ಬರುತ್ತಿದ್ದಾಳೆ. ಶಾಲೆಯ ಪರೀಕ್ಷೆಯಲ್ಲಿ ಬೇಕಾದ ಗ್ರೇಡು ಬಂದರೆ ಸೆಪ್ಟೆಂಬರಿಗೆ ಲೀಡ್ಸ್ ಯೂನಿವರ್ಸಿಟಿ. ಮುಂದಿನ ಗ್ರೇಡಿಂಗಿಗೆ ಅವಳು ಇಲ್ಲಿರುವುದಿಲ್ಲ. ಪಟ್ಟಿಯ ಪರೀಕ್ಷೆ ಜೋಡಿಯಲ್ಲಿ. ಅವಳ ಜೋಡಿಯ ಹುಡುಗಿ ಊರು ಬಿಟ್ಟಳು. ಹೊರಗೆ ಕಾರಿನಲ್ಲಿ ಪೇಪರ್ ಓದುತ್ತ ಕೂರುತ್ತಿದ್ದ ನನ್ನನ್ನು ಹೋದ ವರ್ಷ ಮಿಸೆಸ್ ಲಾವ್ ಒಳಗೆ ಕರೆದರು. ಹೋದೆ.

ಯಾಕೆ ಹೋದೆ ಎಂದು ಬರೆದಿಡುತ್ತೇನೆ, ಓದುವವರಿಲ್ಲವಲ್ಲ. ಮನೆಯಲ್ಲಿ ಅವಳು ನನ್ನ ಜೊತೆ ಆಡುವ ಮಾತೆಂದರೆ ಓಕೆ, ಫೈನ್, ವಾಟೆವರ್. ಕ್ಲಾಸ್ ಮುಗಿಸಿ ಸೊಲಿಹಲ್‌ನ ಮನೆಗೆ ವಾಪಸಾಗುವ ಆ ದಾರಿಯಲ್ಲಿ ಮಾತ್ರ, ಬೆವರಿ, ಕಾಲು ಡ್ಯಾಶ್‌ಬೋರ್ಡಿನ ಮೇಲೆ ಚಾಚಿ, ಮಾತಾಡುತ್ತಾಳೆ. ಟೀಚರ್‌ಗಳ ಬಗ್ಗೆ, ಸತ್ತರೆ ಏನಾಗುತ್ತದೆ ಎಂಬ ಬಗ್ಗೆ, ಚಿಪ್ಸಿನ ಬಗ್ಗೆ. ನನಗೆ ಬೇಕಾದದ್ದು ಆ ದಾರಿ. ಕಪ್ಪು ಪಟ್ಟಿ ಅವಳಿಗೆ ಬೇಕು.

28 ಜನವರಿ, ಮಂಗಳವಾರ

ಹೊಸ ದೂರು. ನಾನು ಗುದ್ದುವ ಸರದಿ ಬಂದಾಗ ಗುದ್ದು ಅವಳ ಕಿವಿಯ ಪಕ್ಕಕ್ಕೆ ಹೋಗುತ್ತದಂತೆ.

"ಪಪ್ಪ, ನೀವು ಹೊಡೆಯುತ್ತಿರುವುದು ನನ್ನ ಹಿಂದಿನ ಗೋಡೆಗೆ."

"ನಿನಗೆ ತಾಗಬಾರದಲ್ಲ."

"ತಾಗಬೇಕು! ನಾನು ತಡೆಯದಿದ್ದರೆ ತಾಗಬೇಕು. ಅದಕ್ಕೇ ಅಲ್ಲವಾ ಇದೆಲ್ಲ?"

ಮಿಸೆಸ್ ಲಾವ್ ಬಂದು ನನ್ನ ಮುಷ್ಟಿ ಹಿಡಿದು ಮಗಳ ಮೂಗಿನ ತುದಿಗೆ ಇಟ್ಟರು. "ಇಲ್ಲಿ. ಬರದೇ ಇರುವುದನ್ನು ತಡೆಯಲು ಕಲಿಸುತ್ತಿದ್ದೀರಿ ನೀವು. ಎಲ್ಲಿಯೋ ಒಂದು ದಿನ ಬಂದೇಬಿಟ್ಟರೆ?"

ಕೊವೆಂಟ್ರಿಯ ಫ್ಯಾಕ್ಟರಿಯಲ್ಲಿ ನನ್ನ ಕೆಲಸ ಕಾರಿನ ಬ್ರೇಕ್ ಪರೀಕ್ಷಿಸುವುದು. ಕಡಿಮೆ ಭಾರ ಹಾಕಿ ಬ್ರೇಕನ್ನು ಪಾಸ್ ಮಾಡಿಸಿದವನನ್ನು ನಾನೇ ಹೊರಗೆ ಕಳಿಸಿದ್ದೇನೆ. ಗೊತ್ತಿದೆ ನನಗೆ. ಗೊತ್ತಿದ್ದೂ ಮುಷ್ಟಿ ಮೂಗಿನ ಹತ್ತಿರ ಬಂದೊಡನೆ ಬಲಕ್ಕೆ ತಿರುಗುತ್ತದೆ, ಮನೆಯ ದಾರಿ ಹಿಡಿದ ಎತ್ತಿನ ಹಾಗೆ.

4 ಫೆಬ್ರವರಿ, ಮಂಗಳವಾರ

ನನ್ನನ್ನು ತೆಗೆದರು.

ಸಭ್ಯವಾಗಿಯೇ. "ಅವಳಿಗೆ ಹೊಡೆಯುವವರು ಬೇಕು, ಮಿಸ್ಟರ್ ರತ್ನಾಕರ." ಇನ್ನು ಅವಳ ಪಾರ್ಟ್‌ನರ್ ಡೀನ್. ಹಾಲ್ ಗ್ರೀನ್ ಏರಿಯಾದವನು, ಟೈರ್ ಅಂಗಡಿಯಲ್ಲಿ ಕೆಲಸ, ತೋಳುಗಳೂ ಟೈರಿನ ಹಾಗೇ. ನನ್ನ ಜಾಗ ಕೋಟುಗಳ ಪಕ್ಕದ ಬೆಂಚು.

ಸ್ವಸ್ತಿಕಾ ನನ್ನ ಕಡೆ ನೋಡಲಿಲ್ಲ. ನೋಡದಿರಲು ಕಷ್ಟಪಟ್ಟಳು ಎಂಬುದು ಬೆಂಚಿನಿಂದ ಕಂಡಿತು.

6 ಫೆಬ್ರವರಿ, ಗುರುವಾರ

ಡೀನ್‌ಗೆ ಲಿಫ್ಟ್ ಕೊಡಬೇಕಂತೆ, ಹೇಗೂ ದಾರಿಯಲ್ಲೇ. ಅವನ ಕಾಲು ಉದ್ದ. ಆದ್ದರಿಂದ ಅವನು ಮುಂದೆ. ಮಗಳು ಹಿಂದೆ, ಕಿವಿಯಲ್ಲಿ ಹೆಡ್‌ಫೋನ್. ಹಾಲ್ ಗ್ರೀನ್‌ವರೆಗೆ ನಾನೂ ಡೀನನೂ ಟೈರಿನ ಬಗ್ಗೆ ಮಾತಾಡಿದೆವು. ಅವನು ಇಳಿದ ಮೇಲೂ ಅವಳು ಮುಂದೆ ಬರಲಿಲ್ಲ. "ಇನ್ನೆಷ್ಟು ದೂರ ಇದೆ, ಬಿಡಿ."

ಒಳ್ಳೆಯ ಹುಡುಗ. ಸಿಟ್ಟು ಬರುವುದೇ ಅದಕ್ಕೆ.

18 ಫೆಬ್ರವರಿ, ಮಂಗಳವಾರ

ಟೈರು. ವಿಂಟರ್ ಟೈರು, ಸಮ್ಮರ್ ಟೈರು. ಇವತ್ತು ರೀಮೋಲ್ಡ್, ಹಳೆಯ ಟೈರಿಗೆ ಹೊಸ ರಬ್ಬರು.

4 ಮಾರ್ಚ್, ಮಂಗಳವಾರ

ಬರೆಯಲು ಕೂತಿದ್ದೇನೆ, ಎಲ್ಲಿಂದ ಶುರುಮಾಡಲಿ.

ಡ್ರಿಲ್ ಚೆನ್ನಾಗಿಯೇ ನಡೆದಿತ್ತು. ಡೀನ್ ನೇರ ಗುದ್ದುತ್ತಾನೆ, ಅವಳು ನೇರ ತಡೆಯುತ್ತಾಳೆ. ನನ್ನ ಜೊತೆ ಇದ್ದಾಗ ಇಲ್ಲದ ಒಂದು ಶಬ್ದ ಬರುತ್ತದೆ, ಎಲುಬಿಗೆ ಎಲುಬು ತಾಗಿದ್ದು. ಮೆಚ್ಚುತ್ತಿದ್ದೆ, ಒಲ್ಲದ ಮನಸ್ಸಿನಿಂದ. ಅವಳು ತಡೆದಳು, ಹೊಡೆದಳು, ಪಾದ ಎತ್ತಿ ಅವನ ಮೊಣಕಾಲ ಕೆಳಗೆ ಒತ್ತಿದಳು.

ಕೈ ಇಳಿಯಿತು.

ಅವಳ ಬಲಗೈ. ಅವನ ತೋಳು ಮುಟ್ಟಿ ಕಣ್ಣಿಗೆ ಹೊರಟಿತು. ಈ ಊರಿನಲ್ಲೇ ಹುಟ್ಟಿದವಳು. ಊರಿಗೆ ಹೋದಾಗ ಅಜ್ಜಿ ಹೇಳಿಕೊಟ್ಟರೂ ಮಾಡದೆ "ವೈ?" ಎಂದು ಕೇಳುತ್ತಿದ್ದವಳು. ನನ್ನೆದುರು ತಿಂಗಳುಗಟ್ಟಲೆ ನಿಂತು, ನೋಡಿ ನೋಡಿ, ಅವಳ ಕೈ ತಾನೇ ಕಲಿತುಬಿಟ್ಟಿದೆ. ಡ್ರಿಲ್‌ನ ಒಂದು ಭಾಗವೆಂದೇ ತಿಳಿದು.

ಡೀನ್‌ನ ಮುಷ್ಟಿ ನಿಲ್ಲಲಿಲ್ಲ. ಅವಳ ತುಟಿ ಒಡೆಯಿತು. ಹಾಲ್‌ನ ನೆಲದಲ್ಲಿ ಬ್ಯಾಡ್ಮಿಂಟನ್ ಗೆರೆಯ ಮೇಲೆ ರಕ್ತ.

ಮಿಸೆಸ್ ಲಾವ್ ಅವಳ ಕಡೆ ಹೋಗುವ ಮೊದಲು ತಿರುಗಿ ಬೆಂಚಿನತ್ತ ನೋಡಿದರು.

ಡೀನ್ ನಾಚಿಕೆಪಟ್ಟು ಬಸ್ಸಿಗೆ ಹೋದ. ಸ್ವಸ್ತಿಕಾ ಮುಂದೆ ಕೂತಳು, ತುಟಿಗೆ ಟಿಶ್ಯೂ. ಟ್ರಾಫಿಕ್ ಲೈಟಿನ ಬಳಿ:

"ಇದು ನಿಮ್ಮದು, ಪಪ್ಪ. ನನ್ನೊಳಗೆ ಇಟ್ಟದ್ದು ನೀವು. ತೆಗೆಯಿರಿ."

5 ಮಾರ್ಚ್, ಬುಧವಾರ

ಹೆಂಡತಿ ಚಿತ್ರಾಕ್ಷಿ ಫಾರ್ಮಸಿಯಿಂದ ಮುಲಾಮು ತಂದಳು. ಮಗಳಿಗೆ ಹಚ್ಚುತ್ತ ನನಗೆ ಬೈದಳು.

"ಎಂಥ ಮರ್ಲು ಮಾರಾಯ್ರೆ ನಿಮಗೆ? ಹೆಣ್ಣುಮಗುವನ್ನು ಕರೆದುಕೊಂಡು ಹೋಗಿ ಹೊಡೆಸಿಕೊಂಡು ಬರುವುದು! ಟೆನಿಸ್ ಇಲ್ಲವಾ ಈ ದೇಶದಲ್ಲಿ?"

ಕಾರಣ ಹೇಳಿದೆ. ಕೈ ಹೀಗೆ ಇಳಿಯಿತು ಎಂದು ಮಾಡಿ ತೋರಿಸಿದೆ.

ಹಚ್ಚುತ್ತಿದ್ದ ಬೆರಳು ತೆಗೆದಳು. ಆಮೇಲೆ ಮುಲಾಮಿನ ಮುಚ್ಚಳ ಹಾಕುತ್ತ, "ಹೌದಾ? ಇವಳು ಮುಟ್ಟಿ ನಮಸ್ಕಾರ ಮಾಡಿದಳಾ?" ಎಂದಳು. ಮುಖದಲ್ಲಿ ಸಂತೋಷ. ಯಾರಿಗೂ ಪ್ರಯೋಜನವಿಲ್ಲದ ಸಂತೋಷ.

"ಅಮ್ಮ, ಇಟ್ಸ್ ನಾಟ್ ಫನಿ."

"ನಾನು ನಕ್ಕೆನಾ?"

8 ಮಾರ್ಚ್, ಶನಿವಾರ

ಮಿಸೆಸ್ ಲಾವ್ ಫೋನ್. ನಾನು ವಾಪಸು ಬರಬೇಕಂತೆ.

"ಡೀನ್‌ಗೆ ಕಾಲು ತಾಗಿದರೆ ಅವಳಿಗೆ ಏನೂ ಅನಿಸುವುದಿಲ್ಲ, ಆದರೂ ಕೈ ಹೋಗುತ್ತದೆ. ಎಲ್ಲಿ ಕಲಿತಳೋ ಅಲ್ಲೇ ಬಿಡಬೇಕು. ನೀವು ಬಿಟ್ಟರೆ ಅವಳೂ ಬಿಡುತ್ತಾಳೆ."

"ನಾನು ಬಿಡದಿದ್ದರೆ?"

"ಗ್ರೇಡಿಂಗ್‌ನಲ್ಲಿ ಒಂದೇ ಒಂದು ಸಲ ಗಾರ್ಡಿನ ಕೈ ಕೆಳಗೆ ಬಿದ್ದರೂ ಫೇಲ್. ಮ್ಯಾಂಚೆಸ್ಟರಿನಿಂದ ಎಕ್ಸಾಮಿನರ್ ಬರುತ್ತಾರೆ, ನನ್ನ ಹಾಗೆ ಮೃದು ಅಲ್ಲ ಅವರು."

ಮೃದು!

9 ಮಾರ್ಚ್, ಭಾನುವಾರ

ಗ್ಯಾರೇಜು. ಕಾರು ಹೊರಗೆ, ನಾವು ಒಳಗೆ. ಲಾನ್‌ಮೋವರ್, ಪೇಂಟ್ ಡಬ್ಬಿ, ಊರಿಂದ ತಂದು ಯಾರೂ ಕೂರದ ಮಣೆ. ಪಾದ ತಾಗಿಸು, ಕೈ ಮೇಲಿಡು. ಮತ್ತೆ. ನನ್ನದು ಇಳಿಯುತ್ತದೆ. ಅದನ್ನು ನೋಡಿ ಅವಳದೂ. ಅವಳ ಕೈ ಇಳಿದದ್ದು ನೋಡಿ ನನಗೆ ಸಿಟ್ಟು; ನನ್ನ ಸಿಟ್ಟು ನೋಡಿ ಅವಳಿಗೆ. ಕೈಗೆ ಹಗ್ಗ ಕಟ್ಟಿ ನೋಡಿದೆವು. ಮುಷ್ಟಿಯಲ್ಲಿ ಟೆನಿಸ್ ಬಾಲ್ ಹಿಡಿದು ನೋಡಿದೆವು — ಬಾಲ್ ಸಮೇತ ಕಣ್ಣಿಗೆ ಒತ್ತಿಕೊಂಡೆ.

ಚಿತ್ರಾಕ್ಷಿ ಊಟಕ್ಕೆ ಕರೆಯಲು ಬಂದು ಬಾಗಿಲಲ್ಲಿ ನಿಂತಳು, ಕೈಯಲ್ಲಿ ಸಟ್ಟುಗ.

"ಅಪ್ಪ ಮಗಳು ಒದೆಯುವುದು ನೋಡಲು ನಾನು ಲಂಡನ್‌ಗೆ ಬಂದದ್ದಾ?"

"ಇದು ಲಂಡನ್ ಅಲ್ಲ, ಅಮ್ಮ."

"ಊರಿನವರಿಗೆ ಎಲ್ಲ ಲಂಡನೇ." ಸ್ವಲ್ಪ ಹೊತ್ತು ನೋಡಿದಳು. ನನ್ನ ಕೈ ಇಳಿಯಿತು, ಮಗಳು "ಪಪ್ಪಾ!" ಎಂದು ಕಿರುಚಿದಳು.

"ಅಲ್ಲ ಮಾರಾಯ್ರೆ, ಅದನ್ನು ಮೊದಲೇ ಮಾಡಿ ಮುಗಿಸಬಾರದಾ?"

"ಏನನ್ನು?"

"ನಮಸ್ಕಾರ. ಭರತನಾಟ್ಯದ ಮಕ್ಕಳು ಕುಣಿಯುವ ಮೊದಲು ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದಿಲ್ಲವಾ? ಇನ್ನು ತುಳಿಯುತ್ತೇನೆ, ಕ್ಷಮಿಸು ಅಂತ. ಆಮೇಲೆ ಒಂದು ಗಂಟೆ ದಡಬಡ ತುಳಿದರೂ ಮಧ್ಯದಲ್ಲಿ ಬಗ್ಗುತ್ತಾರಾ? ನೀವೂ ಹಾಗೆ. ಅಡ್ವಾನ್ಸ್ ಕೊಟ್ಟುಬಿಡಿ. ಅನ್ನ ಆರುತ್ತದೆ, ಬನ್ನಿ."

ಸಟ್ಟುಗ ಒಳಗೆ ಹೋಯಿತು. ನಾವಿಬ್ಬರೂ ಮುಖ ಮುಖ ನೋಡಿದೆವು. ತಪ್ಪಿಗೆ ಮೊದಲೇ ಕ್ಷಮೆ. ಏಟು ಹೊರಡುವ ಮೊದಲೇ ಅದರ ದಾರಿಗೆ ಕೈ. ಮಿಸೆಸ್ ಲಾವ್ ವರ್ಷವಿಡೀ ಹೇಳಿದ್ದು ಇದನ್ನೇ ಅಲ್ಲವೇ. ತಿಳಿಯದೇ ಇದ್ದದ್ದು ನನಗೆ.

ಊಟಕ್ಕೆ ಹೋಗುವ ಮೊದಲು ಒಂದು ಸಲ. ನಾನು ಅವಳ ತೋಳು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಅವಳು ನನ್ನದನ್ನು. ಇಬ್ಬರಿಗೂ ಪೆಚ್ಚು. ಆಮೇಲೆ ಪಾದ ಎತ್ತಿದೆ. ತಾಗಿತು.

ಕೈ ಕದಲಲಿಲ್ಲ. ಭುಜದಲ್ಲಿ ಒಂದು ನಡುಕ ಬಂದು ಅಲ್ಲೇ ನಿಂತಿತು.

16 ಮಾರ್ಚ್, ಭಾನುವಾರ

ದಿನಾ ಗ್ಯಾರೇಜು. ಕೈ ಈಗ ನಿಲ್ಲುತ್ತದೆ. ಅಡ್ವಾನ್ಸ್ ಮರೆತ ದಿನ ಮಾತ್ರ ಇಳಿಯುತ್ತದೆ, ಸಾಲ ವಸೂಲಿಗೆ ಬಂದವನ ಹಾಗೆ.

ಉಳಿದದ್ದು ಗುದ್ದು. ಸ್ವಸ್ತಿಕಾ ಇವತ್ತು ಕಿರುಚಲಿಲ್ಲ. ಗಾರ್ಡ್ ಇಳಿಸಿ ನಿಂತು ಕೇಳಿದಳು: "ಪಪ್ಪ, ನನಗೆ ತಡೆಯಲು ಆಗುವುದಿಲ್ಲ ಅಂತ ನಿಮ್ಮ ಎಣಿಕೆ, ಅಲ್ಲವಾ?"

ಗುದ್ದು ತಿರುಗಿಸುವುದನ್ನು ಇಷ್ಟು ದಿನ ಪ್ರೀತಿ ಎಂದುಕೊಂಡಿದ್ದೆ. ಒಳಗೆ ಇದ್ದದ್ದು ಗುಮಾನಿ.

ಗುದ್ದಿದೆ. ಮೂಗಿಗೆ. ತಿರುಗಿಸದೆ.

ಅವಳ ಮುಂಗೈ ಆಗಲೇ ಅಲ್ಲಿತ್ತು, ನಾನು ಬರುವುದನ್ನು ಬಾಗಿಲಲ್ಲಿ ಕಾಯುತ್ತಿದ್ದ ಹಾಗೆ. ಅದೇ ಕ್ಷಣ ಇನ್ನೊಂದು ಕೈ ನನ್ನ ಎದೆಗೆ. ಪೇಂಟ್ ಡಬ್ಬಿಗಳ ಮೇಲೆ ಬಿದ್ದೆ. ಮ್ಯಾಗ್ನೋಲಿಯಾ ಎಂಬ ಕೆನೆಬಣ್ಣ, ಪ್ಯಾಂಟಿನ ತುಂಬ.

"ಥ್ಯಾಂಕ್ಯೂ" ಎಂದಳು. ಏಳಲು ಕೈ ಕೊಡಲಿಲ್ಲ. ನಗುತ್ತಿದ್ದಳು.

12 ಏಪ್ರಿಲ್, ಶನಿವಾರ

ಹೀಟರ್ ಇವತ್ತು ಸರಿಯಾಗಿದೆ, ಹೊರಗೆ ಬಿಸಿಲಿರುವ ದಿನ.

ಎಕ್ಸಾಮಿನರ್ ಕುಳ್ಳ ಮನುಷ್ಯ, ಕ್ಲಿಪ್‌ಬೋರ್ಡು, ನಗು ಇಲ್ಲ. ಸ್ವಸ್ತಿಕಾಳನ್ನು ಕರೆದು, ಜೋಡಿ ಯಾರು ಎಂದರು. ಡೀನ್ ಎದ್ದು ನಿಂತಿದ್ದ; ನನ್ನ ಜೊತೆ ಅಭ್ಯಾಸ ಮಾತ್ರ, ಪರೀಕ್ಷೆಗೆ ಅವನು ಎಂದೇ ಮಾತಾಗಿತ್ತು. ಅವಳು ಬೆಂಚಿನ ಕಡೆ ಕೈ ತೋರಿಸಿದಳು. "ಮೈ ಡ್ಯಾಡ್."

ಕೋಟು ತೆಗೆದೆ. ಒಳಗೆ ಕಿಟ್ ಇತ್ತು, ಕ್ಲಾಸಿನ ಉಡುಪು. ಇರಲಿ ಎಂದು ಹಾಕಿಕೊಂಡಿದ್ದೆ. ಅವಳಿಗೂ ಗೊತ್ತಿತ್ತೆಂದು ಕಾಣುತ್ತದೆ.

ಎದುರು ನಿಂತೆವು. ಅವಳು ನನ್ನ ತೋಳು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು, ನಾನು ಅವಳದು.

"ಏನದು?" ಎಂದರು ಎಕ್ಸಾಮಿನರ್.

"ಅದು ಅವರ ಸೆಲ್ಯೂಟ್" ಎಂದರು ಮಿಸೆಸ್ ಲಾವ್, ಕಣ್ಣು ಮಿಟುಕಿಸದೆ. "ಬಹಳ ಹಳೆಯದು."

ಗುದ್ದಿದೆ. ನೇರ. ಅವಳು ಎಲ್ಲದರ ದಾರಿಯಲ್ಲೂ ಇದ್ದಳು. ಅವಳ ಪಾದ ನನ್ನ ಮೊಣಕಾಲ ಕೆಳಗೆ ಬಂದು ಒತ್ತಿತು, ಗಟ್ಟಿಯಾಗಿ, ಮತ್ತೆ ಮತ್ತೆ. ಅವಳ ಬಲಗೈ ಅಲ್ಲೇ ಇತ್ತು, ನನ್ನ ಗಂಟಲಿನ ಎದುರು. ನನ್ನದೂ.

ಪಾಸ್. ಕಪ್ಪು ಪಟ್ಟಿ ಕಟ್ಟಿದ್ದು ಮಿಸೆಸ್ ಲಾವ್. ನನಗೆ ಹೇಳಿದ್ದಿಷ್ಟು: "ಸದ್ಯ, ಹೊಡೆದಿರಿ."

ವಾಪಸು ಬರುವಾಗ ಕಾಲು ಡ್ಯಾಶ್‌ಬೋರ್ಡಿನ ಮೇಲೆ. ಸೊಲಿಹಲ್ ದಾಟಿ ಮುಂದೆ ಹೋಗಿ ಸುತ್ತಿ ಬಂದೆ. ಅವಳು ಯಾಕೆ ಎಂದು ಕೇಳಲಿಲ್ಲ.

14 ಆಗಸ್ಟ್, ಗುರುವಾರ

ಗ್ರೇಡು ಬಂತು. ಲೀಡ್ಸ್. ಚಿತ್ರಾಕ್ಷಿ ಪಾಯಸ ಮಾಡಿ ಅತ್ತಳು. ಈ ಸೆಕೆಯಲ್ಲಿ ಪಾಯಸ.

20 ಸೆಪ್ಟೆಂಬರ್, ಶನಿವಾರ

ಲೀಡ್ಸ್. ಹಾಸ್ಟೆಲಿನ ಹತ್ತಿರ ಪಾರ್ಕಿಂಗ್ ಇಲ್ಲ. ಲಿಫ್ಟ್ ಇದೆ, ಕೆಲಸ ಮಾಡುವುದಿಲ್ಲ. ಮೇಲೆ ಕೆಳಗೆ, ಮೇಲೆ ಕೆಳಗೆ. ಚಿತ್ರಾಕ್ಷಿ ಅಕ್ಕಿ ಕೊಟ್ಟಿದ್ದಾಳೆ, ಮೂಟೆ. ಲೀಡ್ಸಿನಲ್ಲಿ ಅಕ್ಕಿ ಸಿಗದಂತೆ. ಕೊನೆಯ ಸಲ ಹತ್ತುವಾಗ ಚಿತ್ರಾಕ್ಷಿ ಕೆಳಗೆ ಕಾರು ಕಾಯುತ್ತಿದ್ದಳು, ಪಾರ್ಕಿಂಗ್ ವಾರ್ಡನ್ ಬಂದರೆ ವಾದಿಸಲು.

ನನ್ನ ಎರಡೂ ಕೈಯಲ್ಲಿ ಪಾತ್ರೆಗಳ ಪೆಟ್ಟಿಗೆ. ರೂಮು ಸಣ್ಣದು, ಇಡಲು ಜಾಗ ಹುಡುಕುತ್ತಿದ್ದೆ. ಸ್ವಸ್ತಿಕಾ ಎದುರು ಬಂದು ನಿಂತಳು. ನನ್ನ ತೋಳು ಮುಟ್ಟಿದಳು. ಕಣ್ಣಿಗೆ ಒತ್ತಿಕೊಂಡಳು. ಎರಡೂ ಕಣ್ಣಿಗೆ, ನಿಧಾನವಾಗಿ.

"ಯಾಕೆ? ಕಾಲು ತಾಗಲಿಲ್ಲವಲ್ಲ."

"ಅಡ್ವಾನ್ಸ್" ಎಂದಳು.

ಅಷ್ಟರಲ್ಲಿ ಪಕ್ಕದ ರೂಮಿನ ಹುಡುಗಿ ಕ್ಯಾನ್ ಓಪನರ್ ಕೇಳುತ್ತ ಬಂದಳು. ಸ್ವಸ್ತಿಕಾ ಅವಳ ಜೊತೆ ಹೊರಟುಹೋದಳು. ಕೆಳಗೆ ಹಾರ್ನ್, ವಾರ್ಡನ್ ಬಂದಿದ್ದ. ಪೆಟ್ಟಿಗೆ ಇಟ್ಟು ಇಳಿದೆ.

23 ಸೆಪ್ಟೆಂಬರ್, ಮಂಗಳವಾರ, ಸಂಜೆ ಆರು

ಕ್ಲಾಸಿಗೆ ಹೋಗುವುದೋ ಬೇಡವೋ. ಡೀನ್ ಫೋನ್ ಮಾಡಿದ್ದ, ಲಿಫ್ಟ್ ಸಿಗುತ್ತದಾ ಎಂದು. ಮುಂದಿನ ಸೀಟು ಖಾಲಿ ಇದೆ ಎಂದು ಅವನಿಗೂ ಗೊತ್ತು.

ಹೋಗುತ್ತೇನೆ. ಕಿಟ್ ಹಾಕಿ ಕೂತಿದ್ದೇನೆ. ಯಾವ ಯಾವ ತಪ್ಪಿಗೆ ಅಡ್ವಾನ್ಸ್ ಕೊಟ್ಟಳೋ ಗೊತ್ತಿಲ್ಲ. ಬರುವ ವರ್ಷಗಳಲ್ಲಿ ಏನೇನು ತಾಗುತ್ತದೋ. ಅವಳದು ಸಂದಾಯವಾಯಿತು. ನಿಯಮ ಇಬ್ಬರಿಗೂ ಅಲ್ಲವೇ, ಇಬ್ಬರೂ ಮುಟ್ಟಿದ ಮೇಲೆ ಡ್ರಿಲ್ ಶುರು. ಆದರೆ ಶನಿವಾರ ನನ್ನ ಕೈ ತುಂಬ ಪಾತ್ರೆ. ಪೆಟ್ಟಿಗೆ ಇಡಬಹುದಿತ್ತು. ಮಂಚ ಅಲ್ಲೇ ಇತ್ತು. ಇಟ್ಟು, ಅವಳ ಹಿಂದೆ ಹೋಗಿ, ಒಂದು ಸಲ ತೋಳು ಮುಟ್ಟಬಹುದಿತ್ತು.